ಹಂಚಿಹೋದ ನೈವೇದ್ಯ

ಮೇಜಿನ ಒಂದು ಮೂಲೆ ಖಾಲಿ ಉಳಿದದ್ದೇ ಎಲ್ಲಕ್ಕೂ ಮೊದಲಾಯಿತು.

ಅಂದು ಚಾಂದ್ರಮಾನದ ಏಳನೆಯ ತಿಂಗಳ ಹುಣ್ಣಿಮೆ. ದಿಕ್ಕಿಲ್ಲದೆ ಅಲೆಯುವ ಪ್ರೇತಗಳಿಗೆ ಎಡೆಯಿಡುವ ದಿನ. ಅವುಗಳನ್ನು ಪ್ರೇತವೆಂದು ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ‘ಒಳ್ಳೆಯ ಅಣ್ಣತಮ್ಮಂದಿರು’ ಎನ್ನುವುದೇ ವಾಡಿಕೆ. ಮಾದೋ ಪಟ್ಟಣದ ಆ ಓಣಿಯಲ್ಲಿ ಪ್ರತಿ ಮನೆಯ ಮುಂದೆಯೂ ಮೇಜು ಬಂದಿತ್ತು. ಚಾಯ್‌ಹುನ್ ಮುದುಕಿಯ ಮೇಜಿನ ಮೇಲೆ ಇಡೀ ಕೋಳಿ, ಹುರಿದ ಮೀನು, ಹಂದಿಮಾಂಸದ ತುಂಡು, ಸೇಬು, ಬಿಸ್ಕತ್ತು, ತನ್ನ ಅಂಗಡಿಯಲ್ಲೇ ಹಬೆಗಿಟ್ಟು ತೆಗೆದ ಬಟ್ಟಲುಕಡುಬು ಎಲ್ಲವೂ ಇದ್ದವು. ಎಡಗಡೆಯ ಮೂಲೆ ಮಾತ್ರ ಬೋಳು. ಎದುರುಮನೆಯ ಯಾಪ್ ಹೆಂಗಸಿನ ಮೇಜು ತುಂಬಿ ತುಳುಕುತ್ತಿರುವುದನ್ನು ಕಂಡು ಮುದುಕಿಗೆ ನಾಚಿಕೆಯಾಯಿತು. ಹಸಿದ ಪ್ರೇತಗಳ ಕೋಪಕ್ಕಿಂತ ನೋಡಿದ ನೆರೆಯವರ ನಗೆ ಅವಳಿಗೆ ಭಾರ.

ಮೊಮ್ಮಗಳ ಕೋಣೆಯಲ್ಲಿ ಏನಾದರೂ ತಿಂಡಿ ಸಿಕ್ಕೀತೆಂದು ಅವಳು ಮಹಡಿ ಹತ್ತಿದಳು. ಓದುವ ಮೇಜಿನ ಕೆಳಗೆ ಡಬ್ಬಿಯೊಂದಿತ್ತು. ಒಳಗೆ ಬಿಸಿನೀರಿಗೆ ಸುರಿದು ಕುಡಿಯುವ ಪುಡಿಯ ಪೊಟ್ಟಣಗಳು. ಒಂದೊಂದರ ಮೇಲೂ ನಗುವ ಕರಡಿಮರಿಯ ಚಿತ್ರ, ದ್ರಾಕ್ಷಿಯ ಬಣ್ಣ. ಈ ಡಬ್ಬಿಯನ್ನು ಅವಳು ಬಲ್ಲಳು. ಕಿರಿಯ ಮಗ ಬೂನ್‌ಪಿನ್ ಹಿಂದಿನ ವಾರ ಬಂದಾಗ ತನ್ನ ಬಿಳಿ ಕಾರಿನಿಂದ ಇದನ್ನಿಳಿಸಿ ಹುಡುಗಿಯ ಕೈಗಿಟ್ಟು ತಲೆ ತಟ್ಟಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡು, ಅಣ್ಣನ ಮಗಳ ಮೇಲೆ ಅವನಿಗೆಷ್ಟು ಮುದ್ದು ಎಂದು ಹಿಗ್ಗಿದ್ದಳು.

ಪೊಟ್ಟಣಗಳು ಮೇಜಿನ ಮೂಲೆಯನ್ನು ಗೋಪುರದಂತೆ ತುಂಬಿದವು. ಎಲ್ಲ ಪದಾರ್ಥಕ್ಕೂ ಚುಚ್ಚಿದಂತೆ ಅದಕ್ಕೂ ಒಂದು ಊದುಕಡ್ಡಿ ಚುಚ್ಚಿದಳು. ಕಡ್ಡಿ ಉರಿದು, ಕಾಗದದ ಹಣ ಸುಟ್ಟು, ಅಣ್ಣತಮ್ಮಂದಿರು ಉಂಡೆದ್ದರೆಂದು ನಂಬಿಕೆಯಾದ ಮೇಲೆ ಎಡೆಯನ್ನು ಹಂಚುವುದು ಪದ್ಧತಿ. ಯಾಪ್ ಮನೆಯ ಅವಳಿಮಕ್ಕಳಿಗೆ ಒಂದು ಹಿಡಿ, ಮೂಲೆಮನೆಯ ಲಾಯ್ ಮುದುಕನಿಗೆ ಒಂದು ಹಿಡಿ, ಹೊಲಿಗೆಯ ಹೆಂಗಸಿಗೆ, ಕಸ ಸಾಗಿಸುವವನಿಗೆ: ಚಾಯ್‌ಹುನ್ ಕೈ ಬಿಚ್ಚಿ ಹಂಚಿದಳು.

ಸಂಜೆ ಟ್ಯೂಷನ್ ಮುಗಿಸಿ ಬಂದ ಮೊಮ್ಮಗಳು ಯೂಜೆನ್ ಸೀದಾ ಕೋಣೆಗೆ ಹೋದಳು. ಹೋದಷ್ಟೇ ವೇಗದಲ್ಲಿ ಇಳಿದು ಬಂದಳು.

“ಆಮಾ, ನನ್ನ ಮೇಜಿನ ಕೆಳಗೆ ಒಂದು ಡಬ್ಬಿ ಇತ್ತಲ್ಲ.”

“ಎಡೆಗಿಟ್ಟೆ ಕಣೇ. ಆಮೇಲೆ ಓಣಿಗೆಲ್ಲಾ ಹಂಚಿದೆ. ಬೇರೆ ತರಿಸ್ಕೊಟ್ರಾಯ್ತು, ಅಜ್ಜಿ ಮುಟ್ಟಿದ್ದಕ್ಕೆ ಮುಖ ಹಿಂಗ್ಯಾಕೆ ಮಾಡ್ತೀಯ?”

ಹುಡುಗಿ ಮೆಟ್ಟಿಲ ಮೇಲೆ ಕುಸಿದಳು. ಒಲೆಯ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅವಳ ತಾಯಿ ಥೋವಾ ಭುಜ ಹಿಡಿದು ಅಲುಗಿಸಿದಾಗ ಹೊರಟದ್ದು ಪಿಸುದನಿ. “ಅಮ್ಮ, ಅದು ಬರೀ ಪುಡಿ ಅಲ್ಲ. ಅಮಲಿಂದು. ಕುಡಿದ್ರೆ ಸತ್ತೇಹೋಗ್ತಾರೆ.”

ಯಾಕೆ, ಎಲ್ಲಿಂದ, ಯಾರು ಎಂದು ಥೋವಾ ಒಂದು ಮಾತನ್ನೂ ಕೇಳಲಿಲ್ಲ. ಚಾಯ್‌ಹುನ್‌ಗೆ ಆಮೇಲೆ ಮತ್ತೆ ಮತ್ತೆ ನೆನಪಾದದ್ದು ಇದೇ. ಸೊಸೆ ಬರಿಗಾಲಲ್ಲಿ ಓಣಿಗೆ ಹಾರಿ, ಬಾಗಿಲು ಬಾಗಿಲು ಬಡಿಯುತ್ತ, ಗಾಬರಿಯಲ್ಲಿ ತನ್ನ ವಿಯೆಟ್ನಾಮಿನ ನುಡಿಯನ್ನೂ ಈ ಊರ ನುಡಿಯನ್ನೂ ಕಲಸಿಹಾಕಿ ಕುಡಿಯಬೇಡಿ, ಕುಡಿಯಬೇಡಿ ಎಂದು ಕೂಗಿದಳು. ಪರದೇಶದ ಸೊಸೆಗೆ ಗಾಳಿ ಬಡಿಯಿತೆಂದೇ ಜನ ಮೊದಲು ತಿಳಿದರು, ತಿಂಗಳೂ ಅಂಥದ್ದೇ. ಯಾಪ್ ಮನೆಯಲ್ಲಿ ಎರಡು ಲೋಟಗಳು ಹಬೆಯಾಡುತ್ತಿದ್ದವು. ಶಾಲೆಯ ಬರಹ ಮುಗಿಯದೆ ಬಾಯಿಗಿಡಕೂಡದೆಂದು ಆ ತಾಯಿ ಅವಳಿಗಳನ್ನು ಗದರಿಸಿ ಕೂರಿಸಿದ್ದಳು. ಥೋವಾ ಎರಡು ಲೋಟಗಳನ್ನೂ ಅಂಗಳಕ್ಕೆ ಚೆಲ್ಲಿದಳು.

ಲಾಯ್ ಮುದುಕ ಮಾತ್ರ ಕುಡಿದಾಗಿತ್ತು. ಏನು ಗಲಾಟೆಯೆಂದು ನೋಡಲು ಹೊಸ್ತಿಲಿಗೆ ಬಂದವನು ಅಲ್ಲಿಯೇ ಕಂಬ ಹಿಡಿದು ಜಾರಿದ. ಒಳಗೆ ಮಲಗಿದ್ದರೆ ಬೆಳಗಾಗುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲವೆಂದು ಆಸ್ಪತ್ರೆಯಲ್ಲಿ ಆಮೇಲೆ ಹೇಳಿದರು.

ಪೊಲೀಸರು ಬಂದರು. ಪೊಟ್ಟಣಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡರು. ಡಬ್ಬಿ ಯಾರದೆಂದು ಕೇಳಿದಾಗ ಯೂಜೆನ್ ತನ್ನದೇ ಎಂದಳು. ಫೋನಿನಲ್ಲಿ ಪರಿಚಯವಾದವನೊಬ್ಬ ಕೊಟ್ಟ, ಹಾಲುಚಹಾದ ಅಂಗಡಿಯ ಬಳಿ ಬಂದವರಿಗೆ ತಾನು ತಲುಪಿಸುತ್ತಿದ್ದೆ, ಹೆಸರು ಗೊತ್ತಿಲ್ಲ ಎಂದಳು. ಚಾಯ್‌ಹುನ್ ಪಕ್ಕದಲ್ಲೇ ನಿಂತಿದ್ದಳು. ಹೆಸರು ಅವಳಿಗೆ ಗೊತ್ತಿತ್ತು. ಒಂಬತ್ತು ತಿಂಗಳು ಹೊತ್ತು, ಅವಳೇ ಇಟ್ಟ ಹೆಸರು.

ಮೂರು ದಿನಗಳ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ, ಟೀವಿಯಲ್ಲಿ ಅದೇ ಕರಡಿಮರಿ ಕಾಣಿಸಿತು. ತಾಯ್‌ನಾನ್ ನಗರದ ಬಾಡಿಗೆ ಕೋಣೆಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಸತ್ತು ಬಿದ್ದಿದ್ದ. ಹಾಸಿಗೆಯ ಪಕ್ಕದಲ್ಲಿ ಅದೇ ಪೊಟ್ಟಣದ ಚೂರು. ಹಿರಿಯ ಮಗ ಕೊಕ್‌ತೋಂಗ್ ಎದ್ದು ಟೀವಿ ಆರಿಸಿದ. ಡಬ್ಬಿಹಣ್ಣಿನ ಕಾರ್ಖಾನೆಯಲ್ಲಿ ದುಡಿಯುವ, ಜೋರಾಗಿ ಸೀನಿದರೂ ಕ್ಷಮೆ ಕೇಳುವ ಗಂಡಸು ಅವನು. ಅನ್ನದ ಬಟ್ಟಲನ್ನು ಹಿಡಿದು ಗೋಡೆಗೆ ಮುಖ ಮಾಡಿ ಉಂಡ.

ಬೂನ್‌ಪಿನ್ ಮಾರನೆಯ ದಿನ ಬಂದ. ಕಾರನ್ನು ದೂರದಲ್ಲೇ ಬಿಟ್ಟು ಹಿತ್ತಲ ಬಾಗಿಲಿಂದ. ತಾಯಿ ತಡೆಯಲಾರದೆ ಅವನ ಮುಂದೆ ಬಟ್ಟಲುಕಡುಬು ಇಟ್ಟು, ಬೆಳ್ಳುಳ್ಳಿಯ ಸಾರು ಸುರಿದಳು. ಅವನು ಬಿದಿರಿನ ಚೂರಿಯಿಂದ ಕಡುಬನ್ನು ನಾಲ್ಕಾಗಿ ಕೊಯ್ದು ತಿನ್ನುತ್ತ ನಿಧಾನವಾಗಿ ಹೇಳಿದ.

“ಅಮ್ಮ, ನೀನೇನೂ ಸುಳ್ಳು ಹೇಳ್ಬೇಡ. ಹುಡುಗಿ ರೂಮಲ್ಲಿ ಸಿಕ್ತು ಅಂತ ಹೇಳು, ಸಾಕು. ಅದು ನಿಜ ತಾನೆ?”

“ಅದರ ಹಿಂದಿನ ನಿಜ?”

“ಹಿಂದಿಂದು ನೀನು ಹೇಳಿದ್ರೆ ಮಾತ್ರ ಗೊತ್ತಾಗೋದು. ಅವಳಿಗೆ ಹದಿನಾರು. ಮಕ್ಕಳ ಕೋರ್ಟಲ್ಲಿ ನಾಲ್ಕು ಬುದ್ಧಿಮಾತು ಹೇಳಿ ಕಳಿಸ್ತಾರೆ. ನನ್ನ ಹಾಗೆ ಬಿಡಲ್ಲ. ಆ ಕಾಲೇಜು ಹುಡುಗನ ಸಾವೂ ನನ್ನ ಕುತ್ತಿಗೆಗೇ ಕಟ್ತಾರೆ. ನಾನು ಹೊರಗೆ ಬರೋ ಹೊತ್ತಿಗೆ ನೀನಿರಲ್ಲ, ಅಮ್ಮ.”

ಚಾಯ್‌ಹುನ್ ಅವನ ಬಟ್ಟಲಿಗೆ ಇನ್ನಷ್ಟು ಸಾರು ಸುರಿದಳು. ಅಷ್ಟರಲ್ಲಿ ಅಕ್ಕಿ ನೆನೆಹಾಕಿದ ಬಕೆಟ್ಟು ಹೊತ್ತು ಥೋವಾ ಬಾಗಿಲಲ್ಲಿ ನಿಂತದ್ದು ಇಬ್ಬರಿಗೂ ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅತ್ತಿಗೆ, ಇದು ನಮ್ಮ ಮನೆ ವಿಷಯ,” ಎಂದ ಬೂನ್‌ಪಿನ್.

“ನಾನು ಹೆತ್ತಿದ್ದು ಯಾರ ಮನೆ ವಿಷಯ?” ಥೋವಾ ಬಕೆಟ್ಟನ್ನು ಇಳಿಸಿದಳು. “ಅವಳು ಚಿಕ್ಕವಳಾದ್ರೂ ನೀನು ಅವಳ ಕೈಗೆ ಕೊಟ್ಟೆ ಅಂದ್ಕೊಂಡಿದ್ದೆ. ಅಲ್ಲ. ಚಿಕ್ಕವಳು ಅಂತಲೇ ಕೊಟ್ಟೆ.”

ಅವನು ಕಡುಬನ್ನು ಅರ್ಧಕ್ಕೆ ಬಿಟ್ಟು ಹೋದ. ಅಂದಿನಿಂದ ಆ ಮನೆಯಲ್ಲಿ ಅನ್ನಕ್ಕಿಂತ ಜಗಳವೇ ಹೆಚ್ಚು ಬೆಂದಿತು. ಥೋವಾ ತಾನೇ ಹೋಗಿ ಪೊಲೀಸರಿಗೆ ಹೇಳಿದಳು. ಅವರು ಬರೆದುಕೊಂಡರು, ಬೂನ್‌ಪಿನ್‌ನನ್ನು ಕರೆಸಿದರು, ಬಿಟ್ಟರು. ಅತ್ತಿಗೆಗೆ ತನ್ನ ಮೇಲೆ ಹಳೆಯ ಹಗೆ, ಮಗಳನ್ನು ಉಳಿಸಿಕೊಳ್ಳಲು ಕಥೆ ಕಟ್ಟಿದ್ದಾಳೆ ಎಂದು ಅವನು ಹೇಳಿದ್ದ. ಹುಡುಗಿಯೂ ಚಿಕ್ಕಪ್ಪನ ಹೆಸರೆತ್ತಲಿಲ್ಲ. ಎತ್ತಿದರೆ ಅಜ್ಜಿ ಎದೆಯೊಡೆದು ಸಾಯುತ್ತಾಳೆಂದು ಅವನು ಅವಳ ತಲೆಗೆ ತುಂಬಿದ್ದ. ಡಬ್ಬಿ ಕೈ ಬದಲಾಯಿಸಿದ್ದನ್ನು ಕಣ್ಣಾರೆ ಕಂಡವಳು ಒಬ್ಬಳೇ.

ಆ ಒಬ್ಬಳು ಪಿತೃಗಳ ಪೀಠದ ಮುಂದೆ ಮಂಡಿಯೂರಿದಳು. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಅಂಗೈಯಲ್ಲಿ ಹಿಡಿದು, ನಾನು ಸುಮ್ಮನಿರಬಹುದೇ ಎಂದು ಕೇಳಿ ನೆಲಕ್ಕೆಸೆದಳು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿಗೆ. ಎರಡೂ ಬೋರಲು ಬಿದ್ದವು, ಅಂದರೆ ಕೂಡದು. ಹೆತ್ತ ತಾಯಿ ಸುಮ್ಮನಿದ್ದರೆ ತಪ್ಪೇ ಎಂದಳು. ಎರಡೂ ಅಂಗಾತ ಬಿದ್ದವು, ಹಿರಿಯರು ನಕ್ಕರೆಂದು ಅದರ ಅರ್ಥ. ವಿಚಾರಣೆ ಮುಗಿಯುವವರೆಗೆ ಮಾತ್ರ ಸುಮ್ಮನಿರಲೇ ಎಂದು ಮತ್ತೆಸೆದಾಗ ಒಪ್ಪಿಗೆ ಬಂತು. ಅವಳು ಹಣೆ ನೆಲಕ್ಕಿಟ್ಟಳು.

ಹಿಂದೆ ಮಾಂಸ ಕೊಚ್ಚುತ್ತಿದ್ದ ಥೋವಾ ಕತ್ತಿ ನಿಲ್ಲಿಸದೆಯೇ ಹೇಳಿದಳು. “ಬೇಕಾದ ಉತ್ತರ ಬರೋ ತನಕ ಪ್ರಶ್ನೆ ಬದಲಾಯಿಸ್ತಿದ್ದೀರಿ, ಅಮ್ಮ.”

ಚಾಯ್‌ಹುನ್ ತಿರುಗಿ, ಕಡಲಾಚೆಯಿಂದ ತಂದ ಹೆಣ್ಣಿಗೆ ನಮ್ಮ ಹಿರಿಯರ ಭಾಷೆ ಎಲ್ಲಿ ತಿಳಿಯಬೇಕು ಎಂದು ಚುಚ್ಚಿದಳು. ಮದುವೆಯಾಗಿ ಬಂದಂದಿನಿಂದ ಕೇಳಿ ಕೇಳಿ ಸವೆದ ಚುಚ್ಚುಮಾತದು. ಥೋವಾ ಸಂಜೆ ಎಂದಿನಂತೆ ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡಿ ತಂದಳು. ಮುದುಕಿಗೆ ಅದು ಬೈಗುಳಕ್ಕಿಂತ ಖಾರವಾಯಿತು.

ಮಕ್ಕಳ ನ್ಯಾಯಾಲಯದಿಂದ ಹೋ ಎಂಬ ಅಧಿಕಾರಿಣಿ ಮನೆ ನೋಡಲು ಬಂದಳು. ಹುಡುಗಿಯ ಕೋಣೆ ನೋಡಿದಳು, ಶಾಲೆಯ ವಿಷಯ ಕೇಳಿದಳು, ಕೊಟ್ಟ ಕಡುಬನ್ನು ಸಂಕೋಚವಿಲ್ಲದೆ ತಿಂದಳು. ಕಾನೂನು ಏನನ್ನುತ್ತದೆಂದು ಕೊಕ್‌ತೋಂಗ್ ಹಿಂಜರಿಯುತ್ತ ಕೇಳಿದ್ದಕ್ಕೆ, ಮಾರಿದವನ ಸರಕಿನಿಂದ ಸಾವಾದರೆ ಶಿಕ್ಷೆ ಬಲವಾಗುತ್ತದೆ, ಮಕ್ಕಳ ಕೈಯಲ್ಲಿ ಮಾಡಿಸಿದರೆ ಅದರ ಮೇಲೆ ಇನ್ನೂ ಅರ್ಧದವರೆಗೆ ಏರುತ್ತದೆ ಎಂದು ವಿವರಿಸಿದಳು. ಚಾಯ್‌ಹುನ್ ಲೋಟ ತೊಳೆಯುವ ನೆವದಲ್ಲಿ ಕೇಳಿದಳು.

“ಮಗು ತಾನೇ ಒಪ್ಕೊಂಡು, ಎಲ್ಲಾ ನಂದೇ ಅಂದ್ರೆ? ಅಲ್ಲಿಗೆ ಮುಗೀತಲ್ಲ?”

“ಮುಗಿಯಲ್ಲ ಅಜ್ಜಿ. ಆ ದೊಡ್ಡವರು ಇನ್ನೊಂದು ಮಗೂನ ಹುಡುಕ್ಕೋತಾರೆ. ನಾನು ನೋಡ್ತಾನೇ ಇದೀನಿ.”

ಎಂಟನೆಯ ತಿಂಗಳು ಹುಟ್ಟಿತು. ತೋಟಗಳಿಂದ ಚಕ್ಕೋತದ ಲಾರಿಗಳು ಓಣಿಯ ತುದಿಯಲ್ಲಿ ಸಾಲುಗಟ್ಟಿದವು. ಲಾಯ್ ಮುದುಕ ಕಣ್ಣು ತೆರೆದು ಗಂಜಿ ಕೇಳಿದನೆಂಬ ಸುದ್ದಿ ಬಂದ ದಿನ ಚಾಯ್‌ಹುನ್ ಅಂಗಡಿಯ ಹಬೆಯ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆಗಲೇ ಆ ಹಬೆಯ ಆಚೆ ಬಿಳಿ ಕಾರು ನಿಂತದ್ದು ಕಾಣಿಸಿತು.

ಬೂನ್‌ಪಿನ್ ಇಳಿದು ಬಂದದ್ದು ತಾಯಿಯ ಬಳಿಗಲ್ಲ. ಶಾಲೆಯಿಂದ ಬರುತ್ತಿದ್ದ ಯಾಪ್ ಮನೆಯ ಹಿರಿಯ ಹುಡುಗಿ ಸಿನ್‌ಯೀ ಎದುರಾದಳು; ಅವಳಿಗಳ ಅಕ್ಕ, ಇನ್ನೂ ಮಾಧ್ಯಮಿಕ ಶಾಲೆಯ ಉದ್ದ ಸಾಕ್ಸಿನ ವಯಸ್ಸು. ಅವನು ಹಾಲುಚಹಾದ ಲೋಟವೊಂದನ್ನು ಅವಳಿಗೆ ಕೊಟ್ಟು ಏನೋ ಹೇಳಿ ನಗಿಸಿದ. ಆಮೇಲೆ ಕಾರಿನ ಹಿಂಬಾಗಿಲು ತೆರೆದು ಡಬ್ಬಿಯೊಂದನ್ನು ತೆಗೆದು ಅವಳ ಕೈಗಿಟ್ಟು, ತಲೆಯ ಮೇಲೆ ಮೆಲ್ಲಗೆ ತಟ್ಟಿದ.

ಅಡುಗೆಮನೆಯ ಕಿಟಕಿಯಿಂದ ಕಂಡು ಹಿಗ್ಗಿದ್ದಳಲ್ಲ, ಅದೇ ತಟ್ಟು. ಚಾಯ್‌ಹುನ್ ಒದ್ದೆಗೈಯಲ್ಲೇ ರಸ್ತೆ ದಾಟಿ ಡಬ್ಬಿಯನ್ನು ಕಸಿದುಕೊಂಡಳು. ಹುಡುಗಿ ತಬ್ಬಿಬ್ಬಾಗಿ ನಿಂತಳು.

“ಅಮ್ಮ, ಒಳಗೆ ಹೋಗು,” ಎಂದ ಬೂನ್‌ಪಿನ್ ಹಲ್ಲು ಕಚ್ಚಿ.

“ಈ ಮಗು ಯಾವ ಮನೇದು ಗೊತ್ತಾ ನಿಂಗೆ? ಇವಳ ತಮ್ಮಂದಿರ ಬಾಯಿಗೆ ಹೋಗೋ ಲೋಟಾನ ನಿಮ್ಮತ್ತಿಗೆ ಚೆಲ್ಲಿದ್ಲು.”

“ಏನಾಗುತ್ತೆ ಇವಳಿಗೆ? ಚಿಕ್ಕವಳು, ಯಾರೂ ಏನೂ...” ಅವನೇ ಮಾತು ನುಂಗಿದ.

ಸೊಸೆ ಹೇಳಿದ್ದ ಮಾತನ್ನು ಮಗನ ಬಾಯಿ ಒಪ್ಪಿಸಿತ್ತು. ಚಾಯ್‌ಹುನ್ ಡಬ್ಬಿಯನ್ನು ಎದೆಗವುಚಿಕೊಂಡು, ಇನ್ನೊಂದು ಕೈಯಲ್ಲಿ ಹುಡುಗಿಯ ಮಣಿಕಟ್ಟು ಹಿಡಿದು, ಸೀದಾ ಯಾಪ್ ಮನೆಗೆ ನಡೆದಳು. ನಡೆದದ್ದನ್ನೆಲ್ಲ ಆ ತಾಯಿಯ ಮುಂದೆ ಹೇಳಿದಳು. ಆಮೇಲೆ ಮನೆಗೆ ಬಂದು, ಸೊಸೆಯ ಮುಖ ನೋಡದೆ, ಸ್ಕೂಟರ್ ತೆಗೆ ಎಂದಳು.

ಸರ್ಕಾರಿ ವಕೀಲೆಯ ಕೋಣೆ ತಣ್ಣಗಿತ್ತು. ಕನ್ನಡಕದ ಆ ಎಳೆಯ ಹೆಂಗಸು ಏನನ್ನೂ ಕೇಳುವ ಮೊದಲು ಪೆನ್ನು ಕೆಳಗಿಟ್ಟಳು.

“ಅಜ್ಜಿ, ನೀವು ಅವರ ತಾಯಿ. ಮಗನ ವಿರುದ್ಧ ಹೇಳಿಕೆ ಕೊಡ್ಲೇಬೇಕು ಅಂತ ಕಾನೂನು ಬಲವಂತ ಮಾಡಲ್ಲ. ಬೇಡ ಅನ್ಸಿದ್ರೆ ಈಗಲೇ ಎದ್ದು ಹೋಗ್ಬಹುದು.”

ಈ ಮಾತನ್ನು ಚಾಯ್‌ಹುನ್ ನಿರೀಕ್ಷಿಸಿರಲಿಲ್ಲ. ಎದೆಯೊಳಗೆ ಇಷ್ಟು ದಿನ ಹುಡುಕುತ್ತಿದ್ದ ಬಾಗಿಲು ಎದುರಿಗೇ ತೆರೆದಿತ್ತು. ದೇವರಲ್ಲ, ಸರ್ಕಾರವೇ ತೆರೆದು ಹಿಡಿದಿತ್ತು. ಹೊರಗಿನ ಬೆಂಚಿನ ಮೇಲೆ ಥೋವಾ ಎರಡೂ ಹೆಲ್ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುವುದು ಗಾಜಿನಿಂದ ಕಾಣುತ್ತಿತ್ತು.

“ಹೇಳ್ದೆ ಹೋದ್ರೆ ತಪ್ಪಿಲ್ವಾ?”

“ಕಾನೂನಲ್ಲಿ ಇಲ್ಲ.”

“ನನ್ನ ಮೊಮ್ಮಗಳಿಗೆ ಅವನು ಡಬ್ಬಿ ಕೊಟ್ಟಾಗ, ಬೇಡ ಅನ್ಸಿದ್ರೆ ಎದ್ದು ಹೋಗು ಅಂತ ಯಾರಾದ್ರೂ ಹೇಳಿದ್ರಾ?”

ವಕೀಲೆ ಪೆನ್ನು ಎತ್ತಿಕೊಂಡಳು. ಚಾಯ್‌ಹುನ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆಳೆದುಕೊಂಡಳು.

“ಬರ್ಕೊಳ್ಳಮ್ಮ. ಡಬ್ಬಿ ನನ್ನ ಮಗಂದು. ಅವನೇ ಕೈಯಾರೆ ಕೊಟ್ಟ. ಎರಡು ಸಲ, ಎರಡು ಮಕ್ಕಳಿಗೆ. ಎರಡು ಸಲವೂ ನಾನು ನೋಡಿದೀನಿ.”

ಅಂದೇ ಬೂನ್‌ಪಿನ್‌ನನ್ನು ಹಿಡಿದರು. ಕೊಕ್‌ತೋಂಗ್ ತಾಯಿಯೊಂದಿಗೆ ಮಾತು ಬಿಟ್ಟ. ತಮ್ಮನನ್ನು ಬಿಟ್ಟುಕೊಟ್ಟ ಮನೆಯಲ್ಲಿ ಕೂತು ಉಣ್ಣಲಾರೆನೆಂದು ನಿಂತೇ ಉಂಡ. ಆದರೆ ಯೂಜೆನ್, ಇಷ್ಟು ದಿನ ಒಂದು ತುತ್ತನ್ನು ಹತ್ತು ಸಲ ಅಗಿಯುತ್ತಿದ್ದವಳು, ಅಜ್ಜಿ ಸಾಯಲಿಲ್ಲವೆಂದು ಕಂಡ ಮೇಲೆ, ಬಾಯಿ ಬಿಟ್ಟಳು. ಅಧಿಕಾರಿಣಿ ಹೋ ಮುಂದೆ ಎಲ್ಲವನ್ನೂ ಹೇಳಿದಳು. ತಾಯಿಯ ಮಡಿಲಲ್ಲಿ ಅತ್ತಳು. ಎದ್ದು ಮತ್ತೊಂದು ಬಟ್ಟಲು ಅನ್ನ ಕೇಳಿದಳು. ಆ ಎರಡನೆಯ ಬಟ್ಟಲನ್ನು ಬಡಿಸಲು ಅನ್ನದ ಪಾತ್ರೆಯ ಬಳಿಗೆ ಹೋದವನು ಅಪ್ಪ. ಬಡಿಸಿ, ಸ್ವಲ್ಪ ಹೊತ್ತು ನಿಂತು, ಮಗಳ ಪಕ್ಕದ ಕುರ್ಚಿಯೆಳೆದು ಕೂತ. ಚಾಯ್‌ಹುನ್ ಅವನ ಕಡೆಗೆ ಮೀನಿನ ತಟ್ಟೆಯನ್ನು ತಳ್ಳಿದಳು.

ಲಾಯ್ ಮುದುಕ ಮನೆಗೆ ಬಂದಾಗ ಚಾಯ್‌ಹುನ್ ಹಂದಿಕಾಲಿನ ಶಾವಿಗೆ ಮಾಡಿಕೊಂಡು ಹೋದಳು. ಗಂಡಾಂತರ ದಾಟಿ ಬಂದವರಿಗೆ ಅದನ್ನು ತಿನ್ನಿಸಿ ಅನಿಷ್ಟ ತೊಳೆಯಬೇಕು. ತಪ್ಪಾಯಿತೆಂದು ಬಗ್ಗಿದವಳನ್ನು ಅವನು ತಡೆದ.

“ಅಣ್ಣತಮ್ಮಂದಿರ ಪಾಲು ಕುಡಿದು ಅವರ ಪಂಕ್ತಿಗೇ ಸೇರೋನಿದ್ದೆ. ಜಾಗ ಇಲ್ಲ ಅಂದ್ರೇನೋ. ನಿನ್ನ ಸೊಸೆ ಕೂಗಿದ್ದು ಕೇಳಿ ಎದ್ದೆ ನೋಡು. ಇಲ್ದಿದ್ರೆ ಸತ್ತ ಹೆಂಡ್ತಿ ಬಂದು ಕರೆದ್ರೂ ಏಳ್ತಿರ್ಲಿಲ್ಲ ನಾನು.” ಶಾವಿಗೆ ಹೀರಿ, ಉಪ್ಪು ಕಡಿಮೆಯೆಂದ. ಚಾಯ್‌ಹುನ್‌ಗೆ ಆ ದೂರು ಆಶೀರ್ವಾದದಂತೆ ಕೇಳಿತು. ಮನೆಗೆ ಮರಳಿದರೆ ಬಾಗಿಲಲ್ಲಿ ಯಾಪ್ ಹೆಂಗಸು ಒಂದು ಬುಟ್ಟಿ ಚಕ್ಕೋತ ತಂದಿಟ್ಟಿದ್ದಳು. ಮುದುಕಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ವಿಚಾರಣೆ ಮುಗಿಯುವವರೆಗೆ ಯೂಜೆನ್ ಮನೆಯಲ್ಲೇ ಇದ್ದು, ಅಧಿಕಾರಿಣಿಯ ಕಣ್ಣಳತೆಯಲ್ಲಿ ಶಾಲೆಗೆ ಹೋಗಲಿ ಎಂದು ಮಕ್ಕಳ ನ್ಯಾಯಾಲಯ ಹೇಳಿತು. ಅವಳು ಮಾಡಿದ್ದರಲ್ಲಿ ಅವಳ ಪಾಲಿನದು ಅವಳಿಗೇ ಉಳಿಯಿತು. ಸತ್ತ ಹುಡುಗನ ಸುದ್ದಿ ಬಂದಾಗಲೆಲ್ಲ ಅವಳು ಎದ್ದು ಹೋಗುವುದನ್ನು ಬಿಟ್ಟು ಕೂತು ಕೇಳುತ್ತಿದ್ದಳು. ಅವಳದಲ್ಲದ ಪಾಲು ಮಾತ್ರ ಅವಳ ಹೆಗಲಿಂದ ಇಳಿದಿತ್ತು.

ಚಳಿ ಮೊದಲಾದಾಗ ಚಾಯ್‌ಹುನ್ ಮಗನನ್ನು ನೋಡಲು ಹೊರಟಳು. ಸೆರೆಮನೆಯ ಕಿಂಡಿಯಲ್ಲಿ ಊಟದ ಡಬ್ಬಿ ಕೊಟ್ಟು, ಹೆಸರು ಬರೆಸಿ, ಕಾದಳು. ಅವನು ಬರಲೊಪ್ಪಲಿಲ್ಲವೆಂದು ಕಾವಲಿನವನು ಬಂದು ಹೇಳಿದ. ಊಟ ತೆಗೆದುಕೊಂಡನೇ ಎಂದು ಅವಳು ಕೇಳಿದಳು. ತೆಗೆದುಕೊಂಡ, ಎಂದ ಅವನು. ಊಟ ಒಳಗೆ ಹೋಯಿತು, ಮಗ ಹೊರಗೆ ಬರಲಿಲ್ಲ. ಅಷ್ಟಕ್ಕೂ ಅವಳು ಗೋಡೆಯ ಕಡೆಗೆ ಕೈ ಮುಗಿದಳು.

ಹೊರಗೆ ಥೋವಾ ಸ್ಕೂಟರಿಗೊರಗಿ ನಿಂತಿದ್ದಳು. ಏನಾಯಿತೆಂದು ಕೇಳದೆ ಹೆಲ್ಮೆಟ್ಟು ಚಾಚಿದಳು. ಚಾಯ್‌ಹುನ್ ಅದನ್ನು ಹಾಕಿಕೊಳ್ಳಲಿಲ್ಲ.

“ನಿಮ್ಮಮ್ಮಂಗೆ ಫೋನ್ ಹಚ್ಚು.”

“ಯಾರಿಗೆ?”

“ನಿನ್ನ ಹೆತ್ತೋಳಿಗೆ. ಬದುಕಿದಾಳೆ ತಾನೆ?”

ಇಷ್ಟು ವರ್ಷಗಳಲ್ಲಿ ಬೀಗಿತ್ತಿಯರು ಒಂದು ಮಾತಾಡಿದವರಲ್ಲ. ಪರದೆಯ ಮೇಲೆ ಮೆಕಾಂಗ್ ನದಿಯ ದಡದ ಮುದುಕಿಯೊಬ್ಬಳ ಗಾಬರಿಯ ಮುಖ, ಹಿಂದೆ ಬಾಳೆಗಿಡ, ಕೂಗುವ ಬಾತುಗಳು ಕಾಣಿಸಿದವು. ಬೀಗಿತ್ತಿ ಕರೆದಳೆಂದರೆ ಕೆಟ್ಟ ಸುದ್ದಿಯೇ ಇರಬೇಕೆಂದು ಆ ಮುಖ ಆಗಲೇ ಅಳಲು ಸಿದ್ಧವಾಗಿತ್ತು.

ಚಾಯ್‌ಹುನ್ ಪರದೆಗೆ ಬಗ್ಗಿ, ಊರ ಸಭೆಯಲ್ಲಿ ನಿಂತವಳಂತೆ ಗಟ್ಟಿಯಾಗಿ ಹೇಳಿದಳು. “ನಿಮ್ಮ ಮಗಳು ನಮ್ಮ ಓಣಿಯ ಮಕ್ಕಳನ್ನ ಉಳಿಸಿದ್ಲು. ಒಬ್ಬ ಮುದುಕನ್ನ ಉಳಿಸಿದ್ಲು. ನನ್ನ ಮೊಮ್ಮಗಳನ್ನ ಉಳಿಸಿದ್ಲು. ನಾನು ಹಾಳಾಗೋದನ್ನೂ ತಪ್ಪಿಸಿದ್ಲು. ಇಂಥವಳನ್ನ ಬೆಳೆಸಿ ನಮಗೆ ಕೊಟ್ರಿ. ನಾನು ಇದುವರೆಗೂ ಒಂದು ಒಳ್ಳೆ ಮಾತು ಆಡ್ಲಿಲ್ಲ. ಅದನ್ನೂ ಹೇಳ್ತಿದೀನಿ.”

ಥೋವಾ ಕೆಂಪಾಗಿ, ತಲೆ ತಗ್ಗಿಸಿ, ತನ್ನ ನುಡಿಯಲ್ಲಿ ಎರಡೇ ಎರಡು ಪದ ಹೇಳಿದಳು. ಆಚೆಯ ಮುದುಕಿ ಗೊಂದಲದಿಂದ ತಲೆಯಾಡಿಸಿದಳು.

“ಏನಂದೆ?” ಚಾಯ್‌ಹುನ್ ಸೊಸೆಯ ತೋಳು ಹಿಡಿದಳು.

“ಚೆನ್ನಾಗಿದೀವಿ ಅಂದೆ.”

“ನಾನು ಅಷ್ಟು ಹೇಳಿದ್ದು ಇಷ್ಟೇ ಆಯ್ತಾ? ನಿನ್ನ ಮಾತು ನೀನೇ ನುಂಗ್ಕೋಬೇಡ. ಮೊದಲಿಂದ ಹೇಳು. ಒಂದೂ ಬಿಡ್ದೆ ಹೇಳು.”

ಸೆರೆಮನೆಯ ಗೇಟಿನೆದುರು, ಹೋಗಿ ಬರುವವರ ನಡುವೆ, ಥೋವಾ ತನ್ನದೇ ಹೊಗಳಿಕೆಯನ್ನು ತನ್ನ ತಾಯಿಗೆ ಒಂದೊಂದೇ ಮಾತಾಗಿ ಹೇಳತೊಡಗಿದಳು. ಅವಳ ದನಿ ತಡವರಿಸಿದಾಗಲೆಲ್ಲ, ಆ ನುಡಿಯ ಒಂದಕ್ಷರವೂ ತಿಳಿಯದ ಅತ್ತೆ, ಮುಂದೆ, ಮುಂದೆ ಎಂದು ಅವಳ ಬೆನ್ನು ತಟ್ಟುತ್ತಿದ್ದಳು.